ಯಾವ ಮಳಿ?

ಕಾಕಂಬಿ ಕೆಡುವಾಗ ಮೊದಲು ಬರುವ ವಾಸನೆ ಹಿತವಾಗಿಯೇ ಇರುತ್ತದೆ. ಅದೇ ಅದರ ಹೊಲಸುತನ. ಬೆಲ್ಲದ ಗಾಣದ ಪಕ್ಕ ಹಾದುಹೋಗುವಾಗ ಪಾಕ ಹದಕ್ಕೆ ಬಂದ ವಾಸನೆ ಬರುತ್ತದಲ್ಲ, ಅಂಥದ್ದು. ಮೂಗು ಅರಳುತ್ತದೆ, ಬಾಯಲ್ಲಿ ನೀರೂರುತ್ತದೆ. ಮರುದಿನ ಅದಕ್ಕೆ ಹುಳಿ ಕೂಡುತ್ತದೆ. ಆಮೇಲೆ ಕೂದಲು ಸುಟ್ಟಂಥ ಕಮಟು. ಅಷ್ಟು ಹೊತ್ತಿಗೆ ಅದು ಸೀರೆಯ ನೆರಿಗೆಗೆ, ಜಡೆಗೆ, ಬುತ್ತಿಯೊಳಗಿನ ರೊಟ್ಟಿಗೂ ಹತ್ತಿಕೊಂಡಿರುತ್ತದೆ. ನನಗೆ ಇವತ್ತಿಗೂ ಬೆಲ್ಲದ ಚಹಾ ಗಂಟಲಿಗೆ ಇಳಿಯುವುದಿಲ್ಲ.

ಆ ಮುಂಜಾನೆ ಹಾರೂಗೇರಿಯಿಂದ ಬಂದ ಬಸ್ಸು ಇಳಿದು ಕಾರ್ಖಾನೆಯ ಗೇಟು ದಾಟುವಾಗಲೇ ಆ ಹಿತವಾದ ವಾಸನೆ ಬಂತು. ಅದು ಬರಬಾರದಿತ್ತು. ಮೇ ತಿಂಗಳು. ಕಬ್ಬು ಅರೆಯುವ ಹಂಗಾಮು ಮುಗಿದು, ಮಷೀನುಗಳನ್ನು ಬಿಚ್ಚಿ ಹರವಿ ದುರಸ್ತಿ ನಡೆದಿತ್ತು. ಎಲ್ಲೂ ಪಾಕ ಕುದಿಯುತ್ತಿರಲಿಲ್ಲ. ಕುದಿಯದೆ ಪಾಕದ ವಾಸನೆ ಹೇಗೆ ಬಂತು? ನಾನು ಅಲ್ಲಿನ ಪ್ರಯೋಗಾಲಯದ ಕೆಮಿಸ್ಟ್. ಹಾಜರಿ ಹಾಕುವುದನ್ನೂ ಬಿಟ್ಟು ವಾಸನೆ ಹಿಡಿದು ಹೊರಟೆ. ಅದು ನನ್ನನ್ನು ನೇರವಾಗಿ ಕಾಕಂಬಿಯ ಟಾಕಿಗಳ ಹತ್ತಿರ ತಂದು ನಿಲ್ಲಿಸಿತು.

ಕಬ್ಬಿನ ರಸದಿಂದ ತೆಗೆಯುವಷ್ಟು ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಮಂದ ಪಾಕವೇ ಕಾಕಂಬಿ, ಇಂಗ್ಲಿಷಿನಲ್ಲಿ ಮೊಲ್ಯಾಸಿಸ್. ಅದನ್ನು ತುಂಬಿಡಲು ಎರಡಂತಸ್ತಿನ ಮನೆಯಷ್ಟು ಎತ್ತರದ ಎರಡು ಉಕ್ಕಿನ ಟಾಕಿಗಳಿದ್ದವು. ಒಂದನೆಯದರ ಗೋಡೆಗೆ ಕೂಡಿಸಿದ್ದ ತಾಪಮಾಪಕ ನಲವತ್ತೊಂದು ಡಿಗ್ರಿ ತೋರಿಸುತ್ತಿತ್ತು. ನಲವತ್ತು ದಾಟಬಾರದೆಂಬುದು ನಮ್ಮ ನಿಯಮ. ಒಂದೇ ಡಿಗ್ರಿ ಹೆಚ್ಚು, ಗಾಬರಿ ಬೀಳುವಂಥದ್ದೇನಲ್ಲ. ಆದರೂ ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಏಣಿ ಹತ್ತಿದೆ.

ಮೇಲೆ ಟಾಕಿಯ ಬಾಯಿಯ ಮುಚ್ಚಳ ತೆರೆದಿತ್ತು. ಒಳಗೆ ಒಂದು ರಬ್ಬರ್ ಪೈಪು ಇಳಿದಿತ್ತು. ಪಕ್ಕದಲ್ಲಿ ತಲೆಗೆ ಟವೆಲ್ಲು ಸುತ್ತಿಕೊಂಡು ಟಾಕಿ ಕಾಕಾ ಕುಳಿತಿದ್ದರು. ಟಾಕಿಗಳನ್ನು ನೋಡಿಕೊಳ್ಳುವವರಾದ್ದರಿಂದ ಇಡೀ ಕಾರ್ಖಾನೆ ಅವರನ್ನು ಹಾಗೆ ಕರೆಯುತ್ತಿತ್ತು. ಗುತ್ತಿಗೆಯ ನೌಕರಿ. ನದೀ ದಂಡೆಯ ಊರಿನವರು.

"ಏನ್ ಮಾಡಾಕತ್ತೀರಿ ಕಾಕಾ?"

"ಮಳಿಗಿ ನೀರ ಬಿಡಾಕತ್ತೀನ್ರಿ ಬಾಯಾರ. ನಿನ್ನಿ ಮಧ್ಯಾಹ್ನದಿಂದ ಬಿಟ್ಟೀನಿ."

"ಯಾರು ಹೇಳಿದ್ರು ನಿಮಗ?"

"ದೊಡ್ಡ ಸಾಹೇಬ್ರು. ಫೋನ್ ಹಚ್ಚಿ, ಮಳಿ ತಾಪಲಿಯಾ, ಮಳೀವರ್ ಪಾಣಿ ಮಾರಾ ಅಂದ್ರು. ಮಳಿ ಕಾದೈತಿ, ನೀರ ಹೊಡಿ ಅಂದ್ರ ಹೊಡಿಬೇಕಲ್ರಿ?"

ನಾನು ಟಾಕಿಯ ಮೇಲಿಂದ ಅಂಗಳ ನೋಡಿದೆ. ಹಿಂದಿನ ಗೋಡೆಯ ಹತ್ತಿರ ಪ್ರೆಸ್‌ಮಡ್ಡಿನ ಗುಡ್ಡೆ ಇತ್ತು. ಕಬ್ಬಿನ ರಸ ಸೋಸಿದಾಗ ಉಳಿಯುವ ಕೆಸರು ಅದು. ರೈತರು ಗೊಬ್ಬರಕ್ಕೆಂದು ಟ್ರಾಲಿಯಲ್ಲಿ ಒಯ್ಯುತ್ತಾರೆ. ಆ ಗುಡ್ಡೆ ಒಳಗೊಳಗೇ ಬಿಸಿಯೇರಿ ಮೆಲ್ಲಗೆ ಹೊಗೆ ಬಿಡುತ್ತಿತ್ತು. ಅದರ ಮೇಲೆ ಒಂದು ಚೊಂಬು ನೀರೂ ಬಿದ್ದಿರಲಿಲ್ಲ.

ತಿಳಿಯಿತು. ದೊಡ್ಡ ಸಾಹೇಬರು, ಎಂದರೆ ನಮ್ಮ ಜನರಲ್ ಮ್ಯಾನೇಜರರು, ಗಡಿಯ ಕೊಗನೊಳ್ಳಿ ನಾಕಾದ ಆಚೆಯಿಂದ, ಮಹಾರಾಷ್ಟ್ರದಿಂದ ಬಂದವರು. ಅವರ ಬಾಯಲ್ಲಿ ಮಳಿ ಎಂದರೆ ಈ ಗೊಬ್ಬರದ ಕೆಸರು. ಕಾಕಾನ ಬಾಯಲ್ಲಿ ಮಳಿ ಎಂದರೆ ಟಾಕಿಯೊಳಗಿನ ಕಾಕಂಬಿ. ಎರಡಕ್ಕೂ ಮರಾಠಿಯಲ್ಲಿ ಅದೇ ಹೆಸರು, ಎರಡನ್ನೂ ನಮ್ಮ ಕಡೆಯವರು ಹಾಗೇ ಎತ್ತಿಕೊಂಡಿದ್ದಾರೆ. ಇದು ಸಾಲದೆಂಬಂತೆ ಆಕಾಶದಿಂದ ಬೀಳುವುದಕ್ಕೂ ನಾವು ಮಳಿ ಎಂದೇ ಅನ್ನುತ್ತೇವೆ. ಹೊಗೆಯಾಡುವ ಕೆಸರಿನ ಮೇಲೆ ಬೀಳಬೇಕಾದ ನೀರು ನಿನ್ನೆ ಮಧ್ಯಾಹ್ನದಿಂದ ಇಡೀ ರಾತ್ರಿ ಕಾಕಂಬಿಯ ಟಾಕಿಯೊಳಗೆ ಬಿದ್ದಿತ್ತು.

ಮೊದಲು ನಗು ಬಂತು. ಆಮೇಲೆ ಟಾಕಿಯ ಬಾಯಿಯೊಳಗೆ ನೋಡಿದೆ. ಕಂದು ನೊರೆ ಉಬ್ಬಿ ನಿಂತಿತ್ತು, ಅಲ್ಲಲ್ಲಿ ಗುಳ್ಳೆ ಒಡೆದು ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಉಸಿರು ಎಳೆದುಕೊಂಡ ಕೂಡಲೇ ತಲೆ ಗಿರ್ರೆಂದಿತು. ಕಾಕಾನ ತೋಳು ಹಿಡಿದು ಹಿಂದಕ್ಕೆ ಎಳೆದೆ.

"ಪೈಪ್ ತಗೀರಿ. ಇದರಾಗ ಬಗ್ಗಿ ನೋಡಬ್ಯಾಡ್ರಿ. ಗಾಳಿ ಅಲ್ಲ ಇದು, ಕಾರ್ಬನ್ ಡೈಆಕ್ಸೈಡ್. ಉಸಿರ ಕಟ್ತೈತಿ."

ಕಾಕಂಬಿ ಮಂದವಾಗಿರುವವರೆಗೆ ಅದರಲ್ಲಿ ಹುಳಿ ಹಿಡಿಸುವ, ಕಣ್ಣಿಗೆ ಕಾಣದ ಯಾವ ಹುಳುವೂ ಬದುಕುವುದಿಲ್ಲ. ಆ ಮಂದತನವೇ ಅದರ ಕಾವಲು. ನೀರು ಹಗುರ, ಹಾಗಾಗಿ ಕೆಳಗಿಳಿಯದೆ ಮೇಲೇ ನಿಂತು ಒಂದು ತೆಳುವಾದ ಪದರವಾಗುತ್ತದೆ. ಆ ಪದರದಲ್ಲಿ ಹುಳಿಯುವುದು ಶುರುವಾಗುತ್ತದೆ. ಹುಳಿಯುವಾಗ ಸಕ್ಕರೆ ಮುರಿದು ಅನಿಲವೂ ಬಿಸಿಯೂ ಹೊರಬೀಳುತ್ತವೆ. ಅಷ್ಟೇ ಆಗಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ. ಆದರೆ ಹಂಗಾಮಿನ ಕೊನೆಯಲ್ಲಿ ತಂಪಾಗಿಸುವ ಯಂತ್ರ ಕೆಟ್ಟಾಗ, ಕಾಯಲು ಪುರಸೊತ್ತಿಲ್ಲವೆಂದು ಸಾಹೇಬರು ಬಿಸಿ ಕಾಕಂಬಿಯನ್ನು ಹಾಗೇ ಆ ಟಾಕಿಗೆ ತುಂಬಿಸಿದ್ದರು. ನಾನು ಬೇಡವೆಂದಾಗ, "ಉಕ್ಕಿನ ಟಾಕಿ ಐತಿ ಮ್ಯಾಡಮ್, ತಾನ ಆರ್ತೈತಿ" ಎಂದಿದ್ದರು. ಅದು ಆರಿರಲಿಲ್ಲ. ಒಳಗಿನ ಬಿಸಿಯ ಮೇಲೆ ಈಗ ನೊರೆಯ ಹೊದಿಕೆ ಬೇರೆ ಬಿದ್ದಿತ್ತು.

ಹೋಗಿ ಸಾಹೇಬರ ಮುಂದೆ ನಿಂತೆ. ಅವರು ಎ.ಸಿ. ಕೋಣೆಯಲ್ಲಿ ತಮ್ಮ ಸ್ಟೀಲ್ ಥರ್ಮಾಸಿನಿಂದ ಚಹಾ ಸುರಿದುಕೊಳ್ಳುತ್ತಿದ್ದರು.

"ಮೀ ಮಳೀಚ ಮ್ಹಣಾಲೋ," ಎಂದರು, ನಾನು ಮಳಿ ಅಂತಲೇ ಹೇಳಿದ್ದು ಎಂಬ ಗತ್ತಿನಲ್ಲಿ. "ಟಾಕಿ ಅಂದಿದ್ನೇನು? ಅಂವಗ ಕಿವಿ ಇಲ್ಲ. ಬುದ್ಧೀನೂ ಇಲ್ಲ."

"ಟಾಕಿಯವರಿಗೆ ಫೋನ್ ಮಾಡಿ ಮಳಿ ಅಂದ್ರ ಅವ್ರಿಗಿ ಟಾಕಿ ಮಳೀನ ಅಲ್ರಿ ಸರ್ ನೆನಪಾಗೋದು?"

"ಜಾಊ ದ್ಯಾ, ಹೋಗ್ಲಿ ಬಿಡ್ರಿ. ಎಷ್ಟೈತಿ ಟೆಂಪರೇಚರ್?"

"ಗೋಡಿ ಮ್ಯಾಗ ನಲವತ್ತೊಂದು."

ಅವರು ನಕ್ಕರು. "ಉನ್ಹಾಳಾ ಐತಿ ಮ್ಯಾಡಮ್, ಬ್ಯಾಸಗಿ. ನನ್ನ ಮೈ ಮೂವತ್ತೇಳು ಐತಿ, ನಿಮ್ಮ ತಲಿ ಐವತ್ತು ಐತಿ. ಬಿಸಿಲಿಗೆ ಎಲ್ಲಾ ಬಿಸಿ ಆಗೂದ."

ಇಲ್ಲೇ ಇತ್ತು ತಕರಾರು. ಬಿಸಿ ಯಾವಾಗಲೂ ಹೊರಗಿನಿಂದಲೇ ಬರುತ್ತದೆಂದು ಅವರ ನಂಬಿಕೆ: ಬಿಸಿಲಿನಿಂದ, ಒಲೆಯಿಂದ, ಬಾಯ್ಲರಿನಿಂದ. ಪದಾರ್ಥ ತನ್ನೊಳಗಿನಿಂದಲೇ ಬಿಸಿ ಕೊಡುತ್ತದೆಂದರೆ ಅವರಿಗೆ ಅದು ಕೆಮಿಸ್ಟರ ಸೊಕ್ಕು. ರೊಟ್ಟಿಯ ಮೇಲೆ ಕಂದು ಚುಕ್ಕೆ ಬೀಳುತ್ತದಲ್ಲ, ಸಕ್ಕರೆಯೂ ಅಮೈನೋ ಆಮ್ಲವೂ ಕೂಡಿದಾಗ ಆಗುವ ಆ ಕ್ರಿಯೆಯೇ ಬಿಸಿ ಕಾಕಂಬಿಯಲ್ಲಿ ನಡೆಯುತ್ತದೆ. ಅದು ಬಿಸಿಯನ್ನು ಹೊರಹಾಕುವ ಕ್ರಿಯೆ. ಹೊರಬಂದ ಬಿಸಿ ಕ್ರಿಯೆಯ ವೇಗ ಹೆಚ್ಚಿಸುತ್ತದೆ, ವೇಗ ಹೆಚ್ಚಿದರೆ ಮತ್ತಷ್ಟು ಬಿಸಿ. ತಟ್ಟೆಯಲ್ಲಿದ್ದರೆ ಆ ಬಿಸಿ ಗಾಳಿಗೆ ಹೋಗುತ್ತದೆ. ಅಷ್ಟು ದೊಡ್ಡ ಟಾಕಿಯ ನಡುವಿನಿಂದ ಅದು ಎಲ್ಲಿಗೆ ಹೋಗಬೇಕು? ಕಾಕಂಬಿ ಬಿಸಿಯನ್ನು ಸಾಗಿಸುವುದರಲ್ಲಿ ಬಲು ಸೋಮಾರಿ. ಗೋಡೆಯ ತಾಪಮಾಪಕ ಗೋಡೆಯ ಸುದ್ದಿ ಹೇಳುತ್ತದೆ, ನಡುವಿನದಲ್ಲ.

ನಡುವಿನದನ್ನು ಅಳೆಯಲು ಹಳೆಯ ಹಿತ್ತಾಳೆ ಡಬ್ಬಿ ಇತ್ತು. ಕೆಳಗೆ ಸೀಸದ ತೂಕ, ಮೇಲೆ ಬಿರಡೆ, ಬಿರಡೆಗೆ ಬೇರೆ ಹಗ್ಗ. ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು, ಗಾಳಿ ಬೀಸುವ ಕಡೆ ಬೆನ್ನು ಮಾಡಿ ನಿಂತು ಅದನ್ನು ಇಳಿಸಿದೆ. ಬೇಕಾದ ಆಳಕ್ಕೆ ಹೋದಾಗ ಬಿರಡೆ ಎಳೆದು, ಡಬ್ಬಿ ತುಂಬುವವರೆಗೆ ಕಾಯ್ದು, ಕಾಕಾನ ಕೈಯಿಂದ ಸರಸರ ಮೇಲೆತ್ತಿಸಿ, ಗೋಣಿತಾಟಿನಲ್ಲಿ ಸುತ್ತಿದಂತೆಯೇ ಪಾದರಸದ ತಾಪಮಾಪಕ ಅದ್ದಿದೆ. ಮೇಲಿನ ಪದರ ಮೂವತ್ತೊಂಬತ್ತು, ಹುಳಿ, ನೊರೆ. ಆಳುದ್ದ ಕೆಳಗೆ ಐವತ್ತೆರಡು. ನಟ್ಟ ನಡುವೆ ಐವತ್ತೆಂಟು.

ಇದಕ್ಕೂ ಸಾಹೇಬರ ಬಳಿ ಉತ್ತರವಿತ್ತು. ಅದು ತುಂಬಿದಾಗಿನ ಹಳೆಯ ಬಿಸಿ, ಇನ್ನೂ ಆರುತ್ತಿದೆ, ಅಷ್ಟೇ. ಈ ಮಾತು ಪೂರಾ ಸುಳ್ಳೆಂದು ಆ ಕ್ಷಣಕ್ಕೆ ನಾನೂ ಸಾಬೀತು ಮಾಡಲಾರದವಳಾಗಿದ್ದೆ. ಐವತ್ತೆಂಟು ಡಿಗ್ರಿ ಇಳಿಯುತ್ತಿರುವ ಐವತ್ತೆಂಟೋ, ಏರುತ್ತಿರುವ ಐವತ್ತೆಂಟೋ? ಟಾಕಿಯನ್ನೇ ನೋಡುತ್ತ ಕುಳಿತರೆ ಉತ್ತರ ಬರುವುದು ತಡವಾದ ಮೇಲೆ.

ಆಗ ಥರ್ಮಾಸು ನೆನಪಾಯಿತು. ಥರ್ಮಾಸಿಗೆ ಬಿಸಿ ಒಳಗೆ ಬಿಡುವುದೂ ಗೊತ್ತಿಲ್ಲ, ಹೊರಗೆ ಬಿಡುವುದೂ ಗೊತ್ತಿಲ್ಲ. ಅದರಲ್ಲಿಟ್ಟ ಕಾಕಂಬಿ ಸುಮ್ಮನೆ ಬಿಸಿಯಾಗಿರುವಂಥದ್ದಾದರೆ ಮೆಲ್ಲಗೆ ಆರಬೇಕು. ತಾನೇ ಬಿಸಿ ಹುಟ್ಟಿಸುತ್ತಿದ್ದರೆ ಏರಬೇಕು. ನನ್ನ ಹತ್ತಿರ ಮನೆಯಿಂದ ತಂದದ್ದು ಒಂದಿತ್ತು. ಇನ್ನೊಂದು ಬೇಕಿತ್ತು. ಸಾಹೇಬರು ವರ್ಕ್‌ಶಾಪಿನ ಕಡೆ ಹೋದಾಗ ಅವರ ಮೇಜಿನ ಮೇಲಿನದನ್ನು ಎತ್ತಿಕೊಂಡು ಬಂದೆ. ಅದಕ್ಕೆ ಕೆಟ್ಟ ಟಾಕಿಯ ನಡುವಿನ ಕಾಕಂಬಿ ತುಂಬಿದೆ. ನನ್ನದಕ್ಕೆ ಎರಡನೆಯ, ಒಳ್ಳೆಯ ಟಾಕಿಯದನ್ನು ಬಿಸಿನೀರಿನ ತೊಟ್ಟಿಯಲ್ಲಿಟ್ಟು ಅಷ್ಟೇ ಡಿಗ್ರಿಗೆ ಕಾಯಿಸಿ ತುಂಬಿದೆ. ಎರಡಕ್ಕೂ ತೂತು ಕೊರೆದ ಬಿರಡೆ ಹಾಕಿ, ತಾಪಮಾಪಕ ಚುಚ್ಚಿ, ಪಕ್ಕಪಕ್ಕದಲ್ಲಿಟ್ಟೆ.

ಕಾಲೇಜಿನಲ್ಲಿ ಇದನ್ನೇ ಎಂಥಾಲ್ಪಿ ಎಂದು ಓದಿದ್ದೆವು. ಕ್ರಿಯೆ ಬಿಸಿಯನ್ನು ಹೊರಗೆ ಬಿಟ್ಟರೆ ಲೆಕ್ಕಕ್ಕೆ ಕಳೆಯುವ ಚಿಹ್ನೆ, ಒಳಗೆ ಎಳೆದುಕೊಂಡರೆ ಕೂಡುವ ಚಿಹ್ನೆ. ಎಷ್ಟೋ ಪರೀಕ್ಷೆಯಲ್ಲಿ ಆ ಚಿಹ್ನೆ ತಪ್ಪಿ ಹಾಕಿ ಅಂಕ ಕಳೆದುಕೊಂಡವಳು ನಾನು. ಅದಕ್ಕೊಂದು ವಾಸನೆ ಇರುತ್ತದೆಂದು ಯಾರೂ ಹೇಳಿರಲಿಲ್ಲ.

ಸಂಜೆ ಬಸ್ಸಿಗೆ ಹೊರಡುವ ಹೊತ್ತಿಗೆ ನನ್ನ ಥರ್ಮಾಸು ಐವತ್ತೈದಕ್ಕೆ ಇಳಿದಿತ್ತು. ಸಾಹೇಬರದು ಅರವತ್ತಕ್ಕೆ ಏರಿ, ಬಿರಡೆಯ ಅಂಚಿನಲ್ಲಿ ಕಂದು ನೊರೆ ಜಿನುಗಿಸುತ್ತಿತ್ತು. ಎರಡನ್ನೂ ಹಿಡಿದುಕೊಂಡು ಅವರ ಕೋಣೆಗೆ ಹೋದೆ.

"ನೋಡ್ರಿ ಸರ್. ಇದು ಬಿಸಿಲಿನ್ಯಾಗ ಇರಲಿಲ್ಲ, ಒಲಿ ಮ್ಯಾಗ ಇರಲಿಲ್ಲ. ತಾನ ಏರೇತಿ."

ಅವರು ತಾಪಮಾಪಕ ನೋಡಲೇ ಇಲ್ಲ. "ಅರೇ! ಹಾ ತರ ಮಾಝಾ ಚಹಾಚಾ ಥರ್ಮಾಸ್!" ಎಂದು, ತಮ್ಮ ಚಹಾದ ಥರ್ಮಾಸು ಗುರುತಿಸಿ ಎದ್ದು ನಿಂತರು. ಮೂಸಿ ನೋಡಿ ಮುಖ ಕಿವಿಚಿದರು. ಟಾಕಿ ತುಂಬ ಸರಕು ಹಾಳಾಗುತ್ತಿದ್ದಾಗ ಆ ಮನುಷ್ಯನ ಸಂಕಟವೆಲ್ಲ ಒಂದು ಥರ್ಮಾಸಿಗೆ. ನನಗೆ ಕಾಕಂಬಿಗಿಂತ ಅವರೇ ಹೆಚ್ಚು ನಾರಿದಂತಾಯಿತು.

ಆದರೂ ಏನಾದರೂ ಮಾಡಿದಂತೆ ಕಾಣಬೇಕಲ್ಲ, ಅದಕ್ಕೆ ಟಾಕಿಯ ಹೊರಮೈಗೆ ನೀರು ಹೊಡೆಸಿದರು. ಮರುದಿನ ಮುಂಜಾನೆ ಗೋಡೆಯ ತಾಪಮಾಪಕ ಮೂವತ್ತೇಳಕ್ಕೆ ಇಳಿದಿತ್ತು. ಸಾಹೇಬರು ಅದರ ಫೋಟೋ ತೆಗೆಸಿ ಮುಖ್ಯ ಕಚೇರಿಗೆ ಕಳಿಸಿದರು. ನಿಜವಾಗಿ ಆದದ್ದು ಇಷ್ಟೇ: ಗೋಡೆಗೆ ಹತ್ತಿದ ಕಾಕಂಬಿ ತಂಪಾಗಿ ಗಟ್ಟಿಯಾಯಿತು, ಒಳಗಿನ ಬಿಸಿಗೆ ಇನ್ನೊಂದು ಕಂಬಳಿ ಹೊದಿಸಿದಂತಾಯಿತು. ನಾನು ಡಬ್ಬಿ ಇಳಿಸಿದಾಗ ನಡುವೆ ಅರವತ್ಮೂರು ಬಂತು.

ಪಂಪಿನಿಂದ ಕಾಕಂಬಿಯನ್ನು ಹೊರತೆಗೆದು, ದುರಸ್ತಿಯಾದ ತಂಪು ಯಂತ್ರದ ಮೂಲಕ ಹಾಯಿಸಿ ಮತ್ತೆ ಟಾಕಿಗೆ ಸುತ್ತಿಸೋಣವೆಂದೆ. ಪಂಪು ಶುರುವಾಯಿತು, ಕೆಮ್ಮಿತು, ನಿಂತಿತು. ನಡುವಿನ ಮಟ್ಟದ ಕೊಳವೆಯಲ್ಲಿ ಕಾಕಂಬಿಗಿಂತ ಅನಿಲವೇ ಹೆಚ್ಚು ಬರುತ್ತಿತ್ತು, ನೊರೆಯನ್ನು ಪಂಪು ಹಿಡಿಯಲಾರದು. ಎರಡನೆಯ ಟಾಕಿ ಕಂಠಮಟ್ಟ ತುಂಬಿತ್ತು, ಅದಕ್ಕೆ ಸಾಗಿಸುವಂತೆಯೂ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನೊರೆ ಟಾಕಿಯ ಬಾಯಿಂದ ಹೊರಬಂದು ಗೋಡೆಯ ಮೇಲೆ ಇಳಿಯತೊಡಗಿತು. ನೊಣಗಳು ಎಲ್ಲಿದ್ದವೋ ಏನೋ, ಟಾಕಿಯೇ ಗುಂಯ್ ಎನ್ನುತ್ತಿತ್ತು. ವಾಸನೆಯಲ್ಲಿ ಸಿಹಿ ಹೋಗಿತ್ತು, ಸುಟ್ಟ ಕೂದಲು ಬಂದಿತ್ತು. ವೆಲ್ಡಿಂಗ್ ಮಾಡುತ್ತಿದ್ದವನೊಬ್ಬ ಊಟದ ಡಬ್ಬಿ ಬಿಚ್ಚಿ, ಹಾಗೇ ಮುಚ್ಚಿ, ಗೋಡೆಯ ಹಿಂದೆ ಹೋಗಿ ಓಕರಿಸಿದ.

ಆಗ ಕಾಕಾ ನನ್ನ ಪ್ರಯೋಗಾಲಯದ ಬಾಗಿಲಿಗೆ ಬಂದು ನಿಂತರು. ಒಳಗೆ ಬರಲಿಲ್ಲ.

"ಬಾಯಾರ, ಒಂದ ಮಾತ ಕೇಳ್ಲೆನ್ರಿ? ತಳದ ವಾಲ್ವ್ ತಗದ್ರ ಏನ ಆಕ್ಕೈತ್ರಿ?"

ಟಾಕಿಯ ತಳಕ್ಕೆ, ತೊಳೆದ ನೀರು ಬಿಡಲೆಂದು ಒಂದು ವಾಲ್ವ್ ಇತ್ತು. ಅದರ ಪೈಪು ಗೋಡೆ ತೂರಿ ಹಿಂದಿನ ಹಳ್ಳಕ್ಕೆ ಹೋಗುತ್ತಿತ್ತು. ಹಳ್ಳ ಹೋಗಿ ಕೃಷ್ಣೆಗೆ ಸೇರುತ್ತಿತ್ತು.

"ಯಾರ ತಗೀ ಅಂದಾರ?"

"ಸಾಹೇಬ್ರು. ತಗದ್ರ ನೀರ ಬಿಟ್ಟಿದ್ದ ತಪ್ಪ ಮರತಬಿಡ್ತೀನಿ ಅಂದಾರ. ಇಲ್ಲಂದ್ರ ನಾಳಿಂದ ಗೇಟಿನ್ಯಾಗ ಬರಬ್ಯಾಡ ಅಂದಾರ."

ನಾನು ಸುತ್ತಿಬಳಸದೆ ಹೇಳಿದೆ. ಕಾಕಂಬಿ ನೀರಿಗೆ ಬಿದ್ದರೆ ಅದನ್ನು ತಿನ್ನಲು ಕಣ್ಣಿಗೆ ಕಾಣದ ಹುಳುಗಳು ಮುಗಿಬೀಳುತ್ತವೆ, ನೀರಿನಲ್ಲಿದ್ದ ಆಮ್ಲಜನಕವನ್ನೆಲ್ಲ ಅವೇ ನುಂಗುತ್ತವೆ. ಮೀನು ತೇಲುತ್ತವೆ. ನೀರು ಚಹಾದ ಬಣ್ಣಕ್ಕೆ ತಿರುಗಿ ಕೊಳೆತು ನಾರುತ್ತದೆ. ಮಳೆಗಾಲವಾದರೆ ಹೊಳೆ ಕೊಚ್ಚಿಕೊಂಡು ಹೋಗುತ್ತದೆ. ಮೇ ತಿಂಗಳಲ್ಲಿ ಹೊಳೆ ಎಲ್ಲಿದೆ, ಬರೀ ಮಡುಗಳು.

"ನಮ್ಮೂರ ಜಾಕವೆಲ್ ಆ ಮಡುವಿನ್ಯಾಗನ ಐತ್ರಿ," ಎಂದರು ಕಾಕಾ. ಊರಿನ ನಳಗಳಿಗೆ ನೀರೆತ್ತುವ ಬಾವಿ ಅದು. "ಮೊನ್ನಿ ಮಗಳು ಬಾಣಂತನಕ್ಕ ಬಂದಾಳ. ಕೂಸಿಗಿ ಅದ ನೀರ ಎರಿಯೂದ್ರಿ." ತಲೆಯ ಟವೆಲ್ಲು ಬಿಚ್ಚಿ ಮುಖ ಒರೆಸಿಕೊಂಡರು. "ನೌಕರಿ ಬಿಟ್ರ ಈ ವಯಸ್ಸಿನ್ಯಾಗ ನನಗ ಯಾರ ಕೊಡ್ತಾರ್ರಿ? ತಗದ್ರ ಊರಾಗ ಹೆಂಗ ಅಡ್ಡ್ಯಾಡ್ಲಿ?"

ನನಗೆ ಎಂಥ ಹೇಸಿಗೆ ಬಂತೆಂದರೆ ಮೈಯೆಲ್ಲ ಉರಿಯಿತು. ತಪ್ಪು ಆಡಿದವರು ಅವರು, ಕೇಳಿಸಿಕೊಂಡವರು ಇವರು. ಈಗ ಇವರ ಕೈಯಿಂದಲೇ ಇವರ ಊರಿನ ನೀರಿಗೆ ವಿಷ ಹಾಕಿಸಿ, ಅದನ್ನೇ ದೊಡ್ಡ ಉಪಕಾರವೆಂದು ಹೇಳಿಸಿಕೊಳ್ಳುವ ಹುನ್ನಾರ. ಇದನ್ನು ಆ ಮನುಷ್ಯ ಎ.ಸಿ.ಯಲ್ಲಿ ಕುಳಿತು ತಣ್ಣಗೆ ಯೋಚಿಸಿದ್ದರು.

ಡ್ರಾಯರಿನಿಂದ ನಟ್ಟು ಬಿಚ್ಚುವ ಪಾನಾ ತೆಗೆದುಕೊಂಡು ಹೋದೆ. ಟಾಕಿಯ ಬುಡದಲ್ಲಿ ನೊರೆ ಅಂಟಂಟಾಗಿ ಬಿದ್ದಿತ್ತು, ಚಪ್ಪಲಿ ಕಿತ್ತು ಬರುತ್ತಿತ್ತು. ವಾಲ್ವಿನ ಚಕ್ರದ ನಟ್ಟು ಬಿಚ್ಚಿ, ಚಕ್ರವನ್ನು ಕಿತ್ತು, ಸೆರಗಿನಲ್ಲಿ ಸುತ್ತಿಕೊಂಡು ಪ್ರಯೋಗಾಲಯದ ಆಮ್ಲಗಳ ಕಪಾಟಿನಲ್ಲಿ ಇಟ್ಟು ಬೀಗ ಹಾಕಿದೆ. ಚಕ್ರವಿಲ್ಲದಿದ್ದರೂ ದೊಡ್ಡ ಪಾನಾ ಹಚ್ಚಿ ಆ ವಾಲ್ವನ್ನು ತಿರುಗಿಸಬಹುದೆಂದು ನನಗೆ ಗೊತ್ತಿತ್ತು, ಕಾಕಾನಿಗೂ ಗೊತ್ತಿತ್ತು. ಸಾಹೇಬರಿಗೆ ಗೊತ್ತಿರಲಿಲ್ಲ.

"ಹೋಗಿ ಹೇಳ್ರಿ ಕಾಕಾ. ತಗ್ಯಾಕ ಚಕ್ರಾನ ಇಲ್ಲ, ಬಾಯಾರ ಒಯ್ದಾರ ಅಂತ."

ಕಾಕಾ ಮೊದಲ ಸಲ ನಕ್ಕರು. "ಹಂಗಾದ್ರ ನನ್ನ ತಪ್ಪಲ್ಲ ಬಿಡ್ರಿ."

ಸಾಹೇಬರು ತಾವೇ ಬಂದರು. ಟಾಕಿಯ ಕಡೆ ಬಂದದ್ದು ಆ ಬೇಸಿಗೆಯಲ್ಲಿ ಅದೇ ಮೊದಲು. ಕರವಸ್ತ್ರ ಮೂಗಿಗೆ ಒತ್ತಿಕೊಂಡಿದ್ದರು. ನೌಕರಿ, ಶಿಸ್ತು, ಹೆಂಗಸರ ಹಟ ಎಂದೆಲ್ಲ ಮರಾಠಿಯಲ್ಲಿ, ಕನ್ನಡದಲ್ಲಿ, ಸಿಟ್ಟು ಹೆಚ್ಚಾದಾಗ ಇಂಗ್ಲಿಷಿನಲ್ಲಿ ಕೂಗಾಡಿದರು. ಮುಗಿಯುವವರೆಗೆ ಕಾಯ್ದು ನಾನು ನನ್ನ ಉಪಾಯ ಹೇಳಿದೆ. ಕಾರ್ಖಾನೆಯ ನೀರು ತಂಪಾಗಿಸುವ ಸಿಮೆಂಟಿನ ದೊಡ್ಡ ಹೊಂಡ ದುರಸ್ತಿಗೆಂದು ಬರಿದಾಗಿತ್ತು. ಅದರ ಕಡೆಗೆ ಬೇರೆ ಪೈಪು ಎಳೆದು, ಕಾಕಂಬಿಯನ್ನು ತಳದಿಂದ ಬಿಟ್ಟು, ಹೊಂಡದಲ್ಲಿ ಪಾದ ಮುಳುಗುವಷ್ಟು ತೆಳ್ಳಗೆ ಹರಡಬೇಕು. ಬಿಸಿ ಹುಟ್ಟುವುದು ಇಡೀ ಗಾತ್ರದಲ್ಲಿ, ಹೊರಗೆ ಹೋಗುವುದು ಮೈಯಿಂದ ಮಾತ್ರ. ಹರಡಿದರೆ ಎಲ್ಲ ಮೈಯೇ ಆಗುತ್ತದೆ.

"ಛೇ! ಆ ಹೊಂಡ ಹೊಲಸಾಗ್ತೈತಿ. ಮತ್ತ ದಾರೂ ಕಾಸೂ ಸರಕಿದು, ಅಬಕಾರಿ ಪರವಾನಗಿ ಇಲ್ದ ಮೊಲ್ಯಾಸಿಸ್ ಟಾಕಿ ಬಿಟ್ಟು ಅಲುಗಾಡಿಸಂಗಿಲ್ಲ. ಪರವಾನಗಿಗೆ ವಾರ ಬೇಕು."

"ಹಳ್ಳಕ್ಕ ಬಿಡಾಕ ಪರವಾನಗಿ ಬೇಕಿರಲಿಲ್ಲೇನ್ರಿ?"

ಅವರು ಕರವಸ್ತ್ರವನ್ನು ಮೂಗಿಗೆ ಇನ್ನಷ್ಟು ಒತ್ತಿಕೊಂಡರು.

"ಬಿಡ್ರಿ, ವಾರ ಕಾಯೋಣು," ಎಂದೆ. "ಆದ್ರ ಟಾಕಿ ವಾರ ಕಾಯಂಗಿಲ್ಲ. ನೊರಿ ಛಾವಣಿ ಎತ್ತಿದ್ರ ಈ ಅಂಗಳದ ಇಳಿಜಾರ ಯಾ ಕಡೆ ಐತಿ ನೋಡ್ರಿ."

ಅವರು ನೋಡಿದರು. ಈಗಾಗಲೇ ಸುರಿದಿದ್ದ ನೊರೆ ಒಂದು ಕಪ್ಪು ಗೆರೆಯಾಗಿ ಅಂಗಳ ದಾಟಿ, ಗುಲಾಬಿ ಗಿಡಗಳ ಪಾತಿಯ ಹತ್ತಿರ ಹೋಗಿ ನಿಂತಿತ್ತು. ಅದು ಅವರ ಬಂಗಲೆಯ ಪಾತಿ.

ವಾರ ಬೇಕಾಗಿದ್ದ ಪರವಾನಗಿ ಫೋನಿನಲ್ಲಿ ಚಹಾ ಕುಡಿಯುವಷ್ಟರಲ್ಲಿ ಬಂತು. ಕೇಳಿದರೆ ಕೊಡುವವರೇ ಇದ್ದರು, ಕೇಳುವವರು ಇರಲಿಲ್ಲ. ಒಂದು ಊರಿನ ಕುಡಿಯುವ ನೀರು ಮಾಡಿಸಲಾಗದ ಕೆಲಸವನ್ನು ಗುಲಾಬಿ ಗಿಡ ಮಾಡಿಸಿತು. ನನಗೆ ಗೆದ್ದೆನೆಂಬ ಸಂತೋಷ ಒಂದಿಷ್ಟೂ ಆಗಲಿಲ್ಲ.

ಕೆಲಸ ಹೇಸಿಗೆಯದೇ. ತಳದ ಇನ್ನೊಂದು ಬಾಯಿಗೆ ಪೈಪು ಕೂಡಿಸಿದೆವು. ಅಲ್ಲಿ ಕಾಕಂಬಿಗೆ ಮೇಲಿನ ಭಾರ ಇದ್ದುದರಿಂದ ನೊರೆ ಕಡಿಮೆ. ಪಂಪು ಬೇಕಾಗಲಿಲ್ಲ, ತಾನೇ ಇಳಿಯಿತು. ಕಾಕಾ ಮತ್ತು ದುರಸ್ತಿಯ ಜನ ಗಂಬೂಟು ಹಾಕಿಕೊಂಡು ಹೊಂಡದಲ್ಲಿ ಸಲಿಕೆಯಿಂದ ಅದನ್ನು ಎಳೆದು ಹರಡಿದರು. ನಾನು ಅಂಚಿನಲ್ಲಿ ನಡೆಯುತ್ತ ತಾಪಮಾಪಕ ಅದ್ದುತ್ತ ಹೋದೆ, ಎಲ್ಲಿ ಮಂದವಾಗಿ ನಿಂತಿತೋ ಅಲ್ಲಿ ಕೂಗಿ ಹೇಳುತ್ತಿದ್ದೆ. ಟಾಕಿ ಬರಿದಾಗುತ್ತ ಬಂದಂತೆ ಅದರೊಳಗಿಂದ ಇದ್ದಿಲಿನಂಥ ಗಂಟುಗಳು ಬಂದವು, ಮುಟ್ಟಿದರೆ ಕೈಗೆ ಡಾಂಬರಿನಂತೆ ಹತ್ತುತ್ತಿದ್ದವು. ನಡುವೆ ಸಕ್ಕರೆ ಆಗಲೇ ಕರಕಲಾಗತೊಡಗಿತ್ತು. ತೆಳ್ಳಗೆ ಹರಡಿದ್ದು ಮರುದಿನ ಮುಂಜಾನೆ ಗಾಳಿಯಷ್ಟೇ ಬಿಸಿಯಿತ್ತು. ಅದನ್ನು ಮೂಸಿ ನೋಡಿ ಕಾಕಾ, "ಸತ್ತೈತ್ರಿ," ಎಂದರು. ಆ ಹಳೆಯ ಪ್ರೆಸ್‌ಮಡ್ಡಿನ ಗುಡ್ಡೆಯನ್ನೂ ಅದೇ ಸಲಿಕೆಗಳಿಂದ ಕೆದರಿ ಹರಡಿ ಹೊಗೆ ನಿಲ್ಲಿಸಿದೆವು. ಹಳ್ಳಕ್ಕೆ ಒಂದು ತೊಟ್ಟೂ ಹೋಗಲಿಲ್ಲ.

ಮುಗಿಯಿತೆಂದುಕೊಂಡಿದ್ದೆ. ಕೆಲವು ದಿನದ ಮೇಲೆ ಸಾಹೇಬರು ಕರೆಸಿದರು. ಮೇಜಿನ ಮೇಲೆ ಹೊಸ ಥರ್ಮಾಸು, ಅದರ ಪಕ್ಕ ಟೈಪು ಮಾಡಿದ ಎರಡು ಕಾಗದ. ಟಾಕಿಯ ಸರಕು ಕೆಟ್ಟದ್ದಕ್ಕೆ ಮುಖ್ಯ ಕಚೇರಿ ಕಾರಣ ಕೇಳಿತ್ತು. ಮೊದಲನೆಯದರಲ್ಲಿ ಕಾರಣ, ಟಾಕಿ ನೋಡಿಕೊಳ್ಳುವವನ ಬೇಜವಾಬ್ದಾರಿ. ಕೆಳಗೆ ಕಾಕಾನ ಪೂರ್ತಿ ಹೆಸರು. ಎರಡನೆಯದರಲ್ಲಿ, ಅಕಾಲಿಕ ಮಳೆಯ ನೀರು ಛಾವಣಿಯಿಂದ ಒಳಗೆ ಸೇರಿದ್ದು. ಎರಡಕ್ಕೂ ಕೆಮಿಸ್ಟರ ಸಹಿಗೆ ಜಾಗ ಬಿಟ್ಟಿದ್ದರು.

"ಈ ತಿಂಗಳ ಒಂದ ಹನಿ ಮಳಿ ಆಗಿಲ್ರಿ ಸರ್."

ಅವರು ನಕ್ಕರು. ಆ ನಗು ಇವತ್ತಿಗೂ ಮರೆತಿಲ್ಲ. "ಮಳಿಯಿಂದನ ಆಗೈತಲ್ರಿ ಮ್ಯಾಡಮ್? ಸುಳ್ಳ ಏನ ಬರದೀನಿ? ಮಳಿ ತೀ ಮಳೀಚ, ಮಳಿ ಅಂದ್ರ ಮಳೀನ."

ತಮ್ಮ ತಪ್ಪನ್ನು ಮಾಡಿಸಿದ ಪದದಿಂದಲೇ ತಮ್ಮ ತಪ್ಪನ್ನು ಮುಚ್ಚಿಕೊಂಡಿದ್ದರು. ಮೂರನೆಯ ಕಾಗದವೊಂದನ್ನು ನಾನು ಬರೆಯಬಹುದಿತ್ತು: ತಂಪಾಗಿಸದೆ ತುಂಬಿದ್ದು, ಫೋನಿನ ಮಾತು, ಥರ್ಮಾಸಿನ ಅರವತ್ತು ಡಿಗ್ರಿ, ಹಳ್ಳದ ವಾಲ್ವ್, ಎಲ್ಲ. ಬರೆದರೆ ಅದು ಮುಖ್ಯ ಕಚೇರಿಗೆ ಹೋಗುವ ದಾರಿ ಇದೇ ಮೇಜಿನ ಮೇಲಿಂದ. ಹೋಗುವ ಮುಂಚೆ ಮೊದಲನೆಯ ಕಾಗದ ಹೋಗಿರುತ್ತಿತ್ತು, ಕಾಕಾ ಗೇಟಿನ ಹೊರಗಿರುತ್ತಿದ್ದರು.

"ಸಹಿ ಮಾಡ್ತೀನಿ," ಎಂದೆ. "ಎರಡನೇದಕ್ಕ. ಆದ್ರ ಮೊದಲ ಹಳ್ಳದ ಪೈಪ್ ಕೊಯ್ದು, ಬಾಯಿಗೆ ಕಬ್ಬಿಣದ ಪತ್ರಾ ಇಟ್ಟು ವೆಲ್ಡ್ ಮಾಡಸ್ರಿ. ನಾ ನೋಡಬೇಕು. ಮೊದಲ್ನೇ ಕಾಗದ ನನ್ನ ಕೈಯಾಗ ಕೊಡ್ರಿ."

ಅಷ್ಟು ಸುಲಭಕ್ಕೆ ಮುಗಿಯಿತೆಂದು ಅವರಿಗೆ ಖುಷಿಯೇ ಆಯಿತು. ಅಂದು ಮಧ್ಯಾಹ್ನವೇ ವೆಲ್ಡಿಂಗಿನ ಕಿಡಿ ಹಾರಿತು. ನಾನೂ ಕಾಕಾನೂ ನಿಂತು ನೋಡಿದೆವು. ಆ ಕಬ್ಬಿಣದ ತಗಡಿನ ನಾಲ್ಕೂ ಅಂಚು ಕೂಡಿದ ಮೇಲೆ ಒಳಗೆ ಹೋಗಿ ಸಹಿ ಮಾಡಿದೆ. ಆಮೇಲೆ ಪ್ರಯೋಗಾಲಯದ ನಳದ ಕೆಳಗೆ ಸೋಪು ಹಚ್ಚಿ ಎಷ್ಟು ಹೊತ್ತು ಕೈ ತೊಳೆದೆನೋ ನೆನಪಿಲ್ಲ. ಅವರ ಮೇಲೆ ಬಂದ ಹೇಸಿಗೆಯಲ್ಲಿ ಒಂದು ಪಾಲು ಅಂದಿನಿಂದ ನನ್ನ ಮೇಲೂ ಇದೆ. ಕಾಕಾನಿಗೆ ಕಾಗದದ ಸಂಗತಿ ನಾನು ಹೇಳಲಿಲ್ಲ.

ಜೂನ್ ಬಂತು. ಒಂದು ಮಧ್ಯಾಹ್ನ ಬ್ಯೂರೆಟ್ಟು ತುಂಬುತ್ತಿದ್ದೆ. ಹೊರಗೆ ಅಂಗಳದಿಂದ ಕಾಕಾನ ದನಿ ಕೇಳಿತು:

"ಬಾಯಾರ! ಮಳಿ ಬಂತ್ರೀ, ಮಳಿ!"

ಬ್ಯೂರೆಟ್ಟು ಅಲ್ಲೇ ಬಿಟ್ಟೆ. ತಾಪಮಾಪಕ ಎತ್ತಿಕೊಂಡು, ಮೂಗಿಗೆ ಸೆರಗು ಹಿಡಿದು, ಟಾಕಿಗಳ ಕಡೆ ಓಡಿದೆ. ಅಂಗಳದ ನಡುವೆ ಬಂದಾಗ ತಲೆಯ ಮೇಲೆ ತಣ್ಣಗೆ ಏನೋ ಬಿತ್ತು. ವರ್ಕ್‌ಶಾಪಿನ ಜನವೆಲ್ಲ ಹೊರಗೆ ಬಂದು ಮುಖ ಮೇಲೆ ಮಾಡಿ ನಿಂತಿದ್ದರು. ಕಾಕಾ ತಲೆಯ ಟವೆಲ್ಲು ಬಿಚ್ಚಿ ಮಳೆಯಲ್ಲಿ ನೆನೆಯುತ್ತಿದ್ದರು. ನನ್ನ ಕೈಯೊಳಗಿನ ತಾಪಮಾಪಕ ನೋಡಿ ಹೊಟ್ಟೆ ಹಿಡಿದು ನಕ್ಕರು.

"ಅದಲ್ರಿ ಬಾಯಾರ! ಇದು ಖರೇ ಮಳಿ!"

ಎಲ್ಲರೂ ಉಸಿರು ತುಂಬ ಮಣ್ಣಿನ ವಾಸನೆ ಎಳೆದುಕೊಳ್ಳುತ್ತಿದ್ದರು. ನಾನೂ ಎಳೆದುಕೊಂಡೆ. ತೊಳೆದು ತೊಳೆದು ಬಿಟ್ಟಿದ್ದ ಸಿಮೆಂಟಿನ ಹೊಂಡದಿಂದ, ಮೊದಲ ಹನಿ ಬಿದ್ದ ಕೂಡಲೇ, ಆ ಸುಟ್ಟ ಕಮಟು ಮತ್ತೆ ಎದ್ದು ಬಂತು. ಕಾಕಾನ ಊರಿನ ಕಡೆ ಮೋಡ ಕಪ್ಪಾಗಿ ಕವಿದಿತ್ತು. ಅಲ್ಲೂ ಮಳಿ ಬರುತ್ತದೆಂದು ಅವರು ಖುಷಿಯಿಂದ ಕೈ ಮಾಡಿ ತೋರಿಸುತ್ತಿದ್ದರು. ನಾನು ಹೂಂ ಎಂದೆ. ಕಾಗದದ ಮೇಲೆ ಆ ಮಳಿ ಮೇ ತಿಂಗಳಲ್ಲೇ ಬಂದು ಹೋಗಿತ್ತು, ಕೆಳಗೆ ನನ್ನ ಸಹಿ ಇತ್ತು.